ಅತ್ತಿಯವರ ಕೈ ನಿಧಾನ ಅಲ್ಲ

ದೀಪಾವಳಿ ಸೂಟಿಯೊಳಗ ನಮ್ಮ ಮನ್ಯಾಗ ಆದದ್ದು ನಿಮಗ ಅರ್ಧ ಮಂದಿಗೆ ಗೊತ್ತೈತಿ, ಉಳದವರಿಗೆ ವೈನಿ ಹೇಳಿರತಾರ. ಹುಡುಗ್ರು ಟೀವಿ ಮುಂದ ಕೈ ಬೀಸಿ ಆಡೂ ಆಟ ಹಚ್ಚಿದ್ರು. ಕೈಯಾಗ ಏನೂ ಹಿಡಿಯೂದಿಲ್ಲ. ಟೀವಿ ಕೆಳಗಿನ ಕ್ಯಾಮೆರಾ ನಮ್ಮನ್ನ ನೋಡತೈತಿ, ನಾವು ಬೀಸಿದಂಗ ಪರದೆ ಮ್ಯಾಲಿನ ಗೊಂಬಿನೂ ಬೀಸತೈತಿ. ಅಜ್ಜಿನ್ನೂ ಎಬ್ಬಿಸಿ ನಿಂದ್ರಿಸಿದ್ರು. ಟೇಬಲ್ ಟೆನಿಸ್. ಹನ್ನೊಂದು ಚೆಂಡು ಬಂದ್ವು, ಹತ್ತು ತಪ್ಪಿದ್ವು. "ಅಜ್ಜಿ ಸ್ಲೋ ಆಗ್ಯಾಳ" ಅಂತ ಎಲ್ಲಾರೂ ನಕ್ಕರು. ನಾನೂ ನಕ್ಕೆ, ಸುಳ್ಳ್ಯಾಕ ಹೇಳ್ಲಿ.

ಅತ್ತಿಯವರೂ ನಕ್ಕೋಂತನ ಕುಂತ್ರು. ಮರುದಿನ ಕರದ್ರ ಏಳಲಿಲ್ಲ. "ನಂದು ಮುಗೀತವ್ವ, ಕೈ ಮಾತು ಕೇಳವಲ್ದು" ಅಂದ್ರು. ಮೂರನೇ ದಿನ ಚಕ್ಕಲಿ ಕರಿಯೂ ಹೊತ್ತಿಗೆ ಸೌಟು ನನ್ನ ಕೈಗೆ ಕೊಟ್ಟು, "ನೀನ ಕರಿ, ಎಣ್ಣಿ ಮುಂದ ನನಗ ಧೈರ್ಯ ಸಾಲವಲ್ದು" ಅಂದ್ರು. ಐವತ್ತು ವರ್ಷ ರೊಟ್ಟಿ ಬಡದ ಕೈ ಅದು. ಆಗ ನನ್ನ ತಲಿ ಕೆಟ್ಟಿತು.

ಅವತ್ತು ನಿಧಾನ ಇದ್ದದ್ದು ಅವರ ಕೈ ಅಲ್ಲ, ಯಂತ್ರ. ಇದು ಸೊಸಿ ಮಾತು ಅಂತ ತಗೋಬ್ಯಾಡ್ರಿ, ಲೆಕ್ಕ ಐತಿ.

ಇಂಥಾ ಆಟಕ್ಕ ಹೆಸರು ತಂದದ್ದು 2010ರ ನವೆಂಬರ್‌ನಾಗ ಬಂದ ಕಿನೆಕ್ಟ್. ಅದರ ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ತಗೀತಿತ್ತು. ಅಂದ್ರ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವ 33 ಮಿಲಿಸೆಕೆಂಡ್. (ಸಾವಿರ ಮಿಲಿಸೆಕೆಂಡ್ ಕೂಡಿದ್ರ ಒಂದು ಸೆಕೆಂಡ್.) ಆ ಸಂದಿನಾಗ ನೀವು ಕೈ ಎತ್ತಿದ್ರ, ಮುಂದಿನ ಚಿತ್ರ ಬರೂತನಕ ಅದಕ್ಕ ಸುದ್ದಿನ ಇಲ್ಲ. ಚಿತ್ರ ಬಂದ ಮ್ಯಾಲ ಮನಶ್ಯಾರು ಯಾರು, ಸೋಫಾ ಯಾವುದು, ಭುಜ ಎಲ್ಲಿ, ಮೊಣಕೈ ಎಲ್ಲಿ ಅಂತ ಮೈಯಾಗಿನ 20 ಜಾಗಾ ಹುಡುಕಬೇಕು. ಹುಡುಕಿದ್ದು ಪ್ರತಿ ಚಿತ್ರದಾಗ ಒಂಚೂರು ಅತ್ತಿತ್ತ ಆಗಿರತೈತಿ. ಹಂಗ ತೋರಿಸಿದ್ರ ಗೊಂಬಿ ಚಳಿಜ್ವರ ಬಂದವರಂಗ ನಡಗತೈತಿ. ಅದಕ್ಕ ಹಿಂದಿನ ಚಿತ್ರಗಳನ್ನೂ ಕೂಡಿಸಿ ಸರಾಸರಿ ಹಾಕಿ ನುಣುಪು ಮಾಡತಾರ. ನುಣುಪು ಹೆಚ್ಚಾದಷ್ಟು ತಡನೂ ಹೆಚ್ಚು. ಆಮ್ಯಾಲ ಆಟ ತನ್ನ ಲೆಕ್ಕ ಮಾಡಿ ಚಿತ್ರ ಬರೀಬೇಕು.

ಇಷ್ಟಾದ ಮ್ಯಾಲ ಟೀವಿ ಐತಲ್ಲ, ಅದು ಇನ್ನೊಂದು ಥರ. ಬಂದ ಚಿತ್ರಾನ ಹಂಗ ತೋರಿಸೂದಿಲ್ಲ. ಬಣ್ಣ ಏರಸತೈತಿ, ಅಂಚು ತಿದ್ದತೈತಿ, ಎರಡು ಚಿತ್ರದ ನಡುವ ಇಲ್ಲದ ಚಿತ್ರ ತಾನ ಹುಟ್ಟಸತೈತಿ. ಧಾರಾವಾಹಿಗೆ ಇದರಿಂದ ಏನೂ ಆಗೂದಿಲ್ಲ. ಸೊಸಿ ಕಣ್ಣೀರು ನೂರು ಮಿಲಿಸೆಕೆಂಡ್ ತಡ ಆಗಿ ಬಂದ್ರ ಯಾರಿಗೇನು, ಧ್ವನಿನೂ ಅಷ್ಟ ತಡ ಮಾಡಿ ಹೊಂದಿಸಿರತಾರ. ಚೆಂಡು ಹೊಡಿಯೂದಕ್ಕ ಅದು ನಡಿಯಂಗಿಲ್ಲ.

ನಮ್ಮ ದೊಡ್ಡಾವ ಫೋನಿನ ಸ್ಲೋ ಮೋಷನ್‌ನಾಗ ಅಳದ. ಸೆಕೆಂಡಿಗೆ 240 ಚಿತ್ರ ತೆಗಿಯೂ ಫೋನು. ನನ್ನ ಕೈನೂ ಟೀವಿನೂ ಒಂದ ಚಿತ್ರದಾಗ ಬರೂಹಂಗ ಹಿಡದು, ನಾ ಕೈ ಎತ್ತಿದ ಮ್ಯಾಲ ಗೊಂಬಿ ಎತ್ತೂತನಕ ಎಷ್ಟು ಚಿತ್ರ ಅಂತ ಎಣಿಸಿದ. 48. ಅಂದ್ರ 200 ಮಿಲಿಸೆಕೆಂಡ್. ಚೆಂಡು ಸೆಕೆಂಡಿಗೆ 5 ಮೀಟರ್ ಬರಾಕತ್ತಿದ್ರ, ಅಷ್ಟರಾಗ ಒಂದು ಮೀಟರ್ ದಾಟಿ ಹೋತು. ಅತ್ತಿಯವರು ಸರಿಯಾದ ಹೊತ್ತಿಗೆ ಬೀಸಿದ್ರು. ಸರಿಯಾದ ಹೊತ್ತಿಗೆ ಬೀಸಿದ್ದಕ್ಕ ಸೋತ್ರು!

ಇದಕ್ಕ ಅವ ಸುಮ್ಮನಿರತಾನೇನು? "ಹಂಗಾದ್ರ ನಾ ಹೆಂಗ ಹೊಡೀತೀನವ್ವ, ನನಗೂ ಅದ ಟೀವಿ ಅಲ್ಲ" ಅಂದ. ಖರೆ ಪ್ರಶ್ನಿ. ಅದ ವಿಡಿಯೋದಾಗ ಅವನ ಕೈ ನೋಡಿದ್ವಿ. ಚೆಂಡು ಇನ್ನೂ ದೂರ ಇದ್ದಾಗನ ಬೀಸಾಕತ್ತಿದ್ದ. ನೂರು ಸಲ ಸೋತು ಯಂತ್ರದ ತಡ ಎಷ್ಟು ಅಂತ ಅವನ ಮೈಗೆ ಗೊತ್ತಾಗಿಬಿಟ್ಟೈತಿ. ಅದು ಚುರುಕುತನ ಅಲ್ಲ, ರೂಢಿ. ಆ ರೂಢಿ ಇಟ್ಕೊಂಡು ಖರೆ ಟೇಬಲ್ ಮುಂದ ನಿಂತ್ರ ಅವನ ಬ್ಯಾಟು ಚೆಂಡಿಗಿಂತ ಮೊದಲ ಮನಿಗೆ ಹೋಗತೈತಿ.

ಇನ್ನೊಂದು ಸಾಕ್ಷಿ ಬೇಕಂದ್ರ ಬೌಲಿಂಗ್ ನೋಡ್ರಿ. ಅದ ಸಂಜಿ, ಅದ ಕೈ, ಅತ್ತಿಯವರು ಬೌಲಿಂಗ್‌ನಾಗ ಎಲ್ಲಾರನ್ನೂ ಮೀರಿಸಿದ್ರು. ಅದನ್ನ ಯಾರೂ ನೆನಪಿಟ್ಟಿಲ್ಲ. ಬೌಲಿಂಗ್‌ನಾಗ ಚೆಂಡು ನಿಮ್ಮ ಕೈಯಾಗ ಇರತೈತಿ, ನೀವು ಬಿಟ್ಟ ಮ್ಯಾಲ ಹೊಂಡತೈತಿ, ಯಂತ್ರ ಕಾಯತೈತಿ. ತಡ ಇದ್ರೂ ಕಾಣೂದಿಲ್ಲ. ವಯಸ್ಸಿಂದ ಕೈ ಕೆಟ್ಟಿದ್ರ ಎರಡರಾಗೂ ಸೋಲಬೇಕಿತ್ತಲ್ಲ?

ವಯಸ್ಸಾದಂಗ ಕೈಗಾಲು ಒಂಚೂರು ತಡ ಮಾಡತಾವು, ನಾ ಅಲ್ಲಂತ ಅನ್ನೂದಿಲ್ಲ. ಬಟನ್ ಒತ್ತೂ ಆಟದಾಗೂ ತಡ ಇರತೈತಿ. 2006ರಾಗ ಬಂದ ವೀ ಆಟದಾಗ ಕೈಯಾಗ ಒಂದು ಕೋಲು ಇತ್ತು, ಅಲುಗಾಟ ತಿಳಿಯೂ ಯಂತ್ರ ಅದರ ಒಳಗ. ಹಂಗಾಗಿ ದೂರದಿಂದ ನೋಡಿ ಮೈ ಹುಡುಕೂ ಕೆಲಸ ಇರಲಿಲ್ಲ. ಏನೂ ಹಿಡಿಯೂದು ಬ್ಯಾಡ ಅಂತ ಕೋಲು ತೆಗದದ್ದನ್ನ ದೊಡ್ಡ ಸುಧಾರಣಾ ಅಂತ ಮಾರಿದ್ರು. ತಡ ಹೆಚ್ಚಾತು ಅನ್ನೂದನ್ನ ಡಬ್ಬಿ ಮ್ಯಾಲ ಬರಿಯೂದಿಲ್ಲ. ಕಿನೆಕ್ಟ್ ಮಾಡೂದು 2017ರಾಗ ನಿಲ್ಲಿಸಿದ್ರು, ಆದ್ರ ಕ್ಯಾಮೆರಾ ಮುಂದ ಕೈ ಆಡಿಸಿ ಅಂಕ ಕೊಡೂದು ನಿಂತಿಲ್ಲ. ಪಾರ್ಶ್ವವಾಯು ಆದವರಿಗೆ ವ್ಯಾಯಾಮ ಮಾಡಸಾಕೂ ಇಂಥಾ ಆಟ ಬಳಸ್ಯಾರ. ಅಲ್ಲಿ ತಡದ ಲೆಕ್ಕ ಬಿಟ್ಟು ಅಂಕ ಕೊಟ್ರ, ಮೊದಲ ಸೊರಗಿದ ಮನಸಿಗೆ ಏನಾಗಬ್ಯಾಡ ಹೇಳ್ರಿ.

ನೀವು ಮಾಡಬೇಕಾದ್ದು ಭಾಳ ಇಲ್ಲ. ಟೀವಿ ಸೆಟ್ಟಿಂಗ್‌ನಾಗ ಚಿತ್ರದ ವಿಭಾಗಕ್ಕ ಹೋಗಿ ಗೇಮ್ ಮೋಡ್ ಹಚ್ಚರಿ. ತಿದ್ದೂದು, ಹುಟ್ಟಿಸೂದು ಹೆಚ್ಚಿನಂಶ ಬಂದ್ ಆಗತಾವು. ನಮ್ಮಲ್ಲೆ 48 ಇದ್ದದ್ದು 29ಕ್ಕ ಇಳೀತು, ಅಂದ್ರ 120 ಮಿಲಿಸೆಕೆಂಡ್. ಬಣ್ಣ ಒಂದು ಸ್ವಲ್ಪ ಸಪ್ಪಗ ಕಾಣತಾವು, ಕಾಣಲಿ. ಉಳದ ತಡ ಕ್ಯಾಮೆರಾದ್ದು ಮತ್ತು ಆಟದ್ದು, ಅದು ನಮ್ಮ ಕೈಯಾಗಿಲ್ಲ. ಟೀವಿ ಮಾರಿದ ಅಂಗಡಿಯವ "ಮನಿ ಟೀವಿಗೆ ಇದೆಲ್ಲಾ ಯಾಕ್ರಿ ಅಕ್ಕಾರ" ಅಂದಿದ್ದ. ಯಾಕಂತ ಅವನಿಗೆ ಚಕ್ಕಲಿ ಕರಿಯೂ ದಿನ ಹೇಳಬೇಕಿತ್ತು.

ಮತ್ತ ಯಾರ ಮನ್ಯಾಗರ "ಅಜ್ಜಿ ಸ್ಲೋ" ಅಂದ್ರ, ಆ ಹುಡುಗನ್ನ ಮೊದಲ 48 ಎಣಿಸಾಕ ಕೂಡಸ್ರಿ. ಗೇಮ್ ಮೋಡ್ ಸಿಗಲಿಲ್ಲಂದ್ರ ಸೆಟ್ಟಿಂಗ್ ಪರದೆ ಫೋಟೋ ತಗದು ನನಗ ಕಳಸ್ರಿ. ರವಿವಾರ ಸಂಜಿ ಮಾತ್ರ ಬ್ಯಾಡ, ಆವಾಗ ನಮ್ಮಲ್ಲೆ ಅತ್ತಿಯವರ ಬೌಲಿಂಗ್ ಇರತೈತಿ.