ಒಂದು ಸಾಲಿನ ಸಾವು

ಅಮೆರಿಕದ ಇಂಡಿಯಾನಾದ ಟ್ವಿನ್ ಲೇಕ್ಸ್ ಬಳಿ ಪೊಟವಾಟೊಮಿ ಬುಡಕಟ್ಟಿನ ಹಳ್ಳಿಯೊಂದಿತ್ತು. ನೆಲ ಬಿಟ್ಟುಕೊಡುವ 1836ರ ಒಪ್ಪಂದಕ್ಕೆ ಅದರ ನಾಯಕ ಮೆನೊಮಿನಿ ಸಹಿ ಹಾಕಲಿಲ್ಲ. ಸರ್ಕಾರಕ್ಕೆ ಉಳಿದ ನಾಯಕರ ಸಹಿಯೇ ಸಾಕಾಯಿತು. 1838ರ ಸೆಪ್ಟೆಂಬರ್ 4ರಂದು ಜನರಲ್ ಜಾನ್ ಟಿಪ್ಟನ್‌ನ ಬಂದೂಕುಧಾರಿಗಳು 850ಕ್ಕೂ ಹೆಚ್ಚು ಜನರನ್ನು ಪಶ್ಚಿಮದ ಕಡೆಗೆ ಹೊರಡಿಸಿದರು.

ಕಾನ್ಸಾಸ್ ಮುಟ್ಟಲು ಎರಡು ತಿಂಗಳು, ಸುಮಾರು 660 ಮೈಲಿ. ಧೂಳು, ಕೆಟ್ಟ ನೀರು, ಜ್ವರ. 40ಕ್ಕೂ ಹೆಚ್ಚು ಮಂದಿ ದಾರಿಯಲ್ಲೇ ಸತ್ತರು; ಬಹುಪಾಲು ಮಕ್ಕಳು. ‘ಸಾವಿನ ಹಾದಿ’ ಎಂಬ ಹೆಸರು ಬಂದದ್ದು ಹೀಗೆ.

ಈ ಪಯಣಕ್ಕೆ ಸರ್ಕಾರಿ ದಿನಚರಿಯೊಂದಿದೆ. ಇಂದು ಎಷ್ಟು ಮೈಲಿ, ಎಲ್ಲಿ ಬಿಡಾರ, ನೀರು ಸಿಕ್ಕಿತೇ ಎಂಬ ಲೆಕ್ಕ ಅದರಲ್ಲಿದೆ. ಮಗು ಸತ್ತರೆ ಒಂದು ಸಾಲು, ಹೆಸರಿಲ್ಲ. ನಡುದಾರಿಯಲ್ಲಿ ಬಂದು ಸೇರಿದ ತರುಣ ಪಾದ್ರಿ ಬೆಂಜಮಿನ್ ಪೆಟಿ ರೋಗಿಗಳ ಆರೈಕೆಗೆ ನಿಂತರು, ಕಂಡದ್ದನ್ನು ಪತ್ರಗಳಲ್ಲಿ ಬರೆದರು. ಮರಳುವಾಗ, 1839ರ ಫೆಬ್ರುವರಿಯಲ್ಲಿ, ಸೇಂಟ್ ಲೂಯಿಸ್‌ನಲ್ಲಿ ತೀರಿಕೊಂಡರು. ವಯಸ್ಸು 27.

ಓಡಿಸಿದವರು ಲೆಕ್ಕಕ್ಕೆಂದು ಬರೆದಿಟ್ಟ ಪುಟಗಳೇ ಇಂದು ಓಡಿಸಲ್ಪಟ್ಟವರ ಸಾಕ್ಷಿ. ಅವರು ತಂಗಿದ್ದ ಬಿಡಾರಗಳ ಗುರುತಿಗೆ ದಾರಿಯುದ್ದಕ್ಕೂ ಸ್ಮಾರಕಗಳು ನಿಂತಿವೆ. ವಂಶಸ್ಥರು 1988ರಲ್ಲಿ ಅದೇ ಹಾದಿ ಹಿಡಿದು ಸ್ಮರಣಯಾತ್ರೆ ಆರಂಭಿಸಿದರು. ಹೆಸರಿಲ್ಲದ ಆ ಸಾಲುಗಳಿಗೆ ಅಲ್ಲಿ ಅಳುವವರಾದರೂ ಸಿಕ್ಕಿದರು.