ಮಳೆ ತರಿಸುವವರು, ಮಳೆ ತಡೆಯುವವರು



ಹೋದ ಸಭೆ ಮುಗಿದ ಮೇಲೆ ಟೀ ಅಂಗಡಿ ಮುಂದೆ ನಿಂತಿದ್ದಾಗ ಹಾಸ್ಟೆಲ್ ಹುಡುಗನೊಬ್ಬ ಮೊಬೈಲ್ ಮುಂದೆ ಹಿಡಿದು ಕೇಳಿದ: 'ಅಣ್ಣ, ಅಮೆರಿಕದಲ್ಲಿ ಚಂಡಮಾರುತಾನ ಸರ್ಕಾರದೋರೇ ಎಬ್ಬಿಸಿ ಬೇಕಾದ ಕಡೆಗೆ ಅಟ್ತಾರಂತೆ. ಅಲ್ಲಿನ ಪಾರ್ಲಿಮೆಂಟ್ ಮೆಂಬರೇ ಹೇಳವ್ಳೆ. ನಿಜವಾ?' ಸುತ್ತ ಇದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಆಳುವವರು ಏನು ಮಾಡಲೂ ಹೇಸುವವರಲ್ಲ ಅನ್ನೋದು ಆ ಹುಡುಗ ಪುಸ್ತಕ ಓದಿ ಕಲಿತದ್ದಲ್ಲ, ಕೇರಿಯಲ್ಲಿ ಹುಟ್ಟಿ ಕಲಿತದ್ದು. ಅವನ ಅನುಮಾನ ನಮ್ಮೆಲ್ಲರ ಅನುಮಾನವೇ. ಆದರೆ ಅನುಮಾನ ಪಡೋನು ತನ್ನ ಅನುಮಾನದ ಮೇಲೂ ಒಂದು ಕಣ್ಣು ಇಟ್ಟಿರಬೇಕು. ಟೀ ಆರುವಷ್ಟರಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವನು ಕೇಳಿದ್ದು 2024ರ ಸೆಪ್ಟೆಂಬರ್ ಕೊನೆಯಲ್ಲಿ ಎದ್ದ ಹೆಲೀನ್ ಚಂಡಮಾರುತದ ಸಂಗತಿ. ಫ್ಲಾರಿಡಾದಲ್ಲಿ ನೆಲ ಮುಟ್ಟಿ, ನಾರ್ತ್ ಕೆರೊಲಿನಾದ ಬೆಟ್ಟದೂರುಗಳವರೆಗೆ ನುಗ್ಗಿ, 200ಕ್ಕೂ ಹೆಚ್ಚು ಜನರನ್ನು ನುಂಗಿತು. ಕೊಚ್ಚಿಹೋದವರನ್ನು ಇನ್ನೂ ಹುಡುಕುತ್ತಿದ್ದಾಗಲೇ, ಜಾರ್ಜಿಯಾದಿಂದ ಆಗ ಅಲ್ಲಿನ ಸಂಸತ್ತಿನಲ್ಲಿದ್ದ ಮಾರ್ಜರಿ ಟೇಲರ್ ಗ್ರೀನ್ ಎಂಬಾಕೆ, 'ಅವರು' ಹವಾಮಾನವನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬಲ್ಲರು ಅಂತ ಲೋಕಕ್ಕೆಲ್ಲ ಸಾರಿದಳು. ಈ 'ಅವರು' ಯಾರು? ಹೆಸರಿಲ್ಲ, ಊರಿಲ್ಲ. ಹೆಸರು ಊರು ಇಲ್ಲದವರನ್ನು ಯಾವ ಕಟಕಟೆಯಲ್ಲಿ ನಿಲ್ಲಿಸೋದು?

ಜಾರ್ಜಿಯಾಕ್ಕೆ ಇದು ಹೊಸ ಮಾತಲ್ಲ. 1947ರ ಅಕ್ಟೋಬರ್‌ನಲ್ಲಿ ಸಮುದ್ರದ ಕಡೆ ಹೊರಟಿದ್ದ ಒಂದು ಚಂಡಮಾರುತದ ಮೇಲೆ ಅಮೆರಿಕದ ಮಿಲಿಟರಿ ವಿಮಾನ ಸುಮಾರು 80 ಕಿಲೋ ಒಣ ಮಂಜುಗಡ್ಡೆಯ ಪುಡಿ ಸುರಿಯಿತು. ಗಾಳಿಯನ್ನು ಪಳಗಿಸಬಹುದೇ ನೋಡೋಣ ಅಂತ. ಗಾಳಿ ತಿರುಗಿ ಬಂದು ಜಾರ್ಜಿಯಾದ ಸವಾನಾ ಪಟ್ಟಣಕ್ಕೆ ಬಡಿಯಿತು. ಜನ ಸರ್ಕಾರಕ್ಕೆ ಉಗಿದರು. ಆ ಪ್ರಯೋಗದ ಹಿಂದಿದ್ದ ನೊಬೆಲ್ ವಿಜ್ಞಾನಿ ಇರ್ವಿಂಗ್ ಲ್ಯಾಂಗ್ಮೂರ್ 'ಹೌದು, ನಾವೇ ತಿರುಗಿಸಿದ್ದು' ಅಂತ ಎದೆ ಉಬ್ಬಿಸಿದ. ಆಮೇಲೆ ಲೆಕ್ಕ ತೆಗೆದು ನೋಡಿದರೆ ವಿಮಾನ ಹೋಗುವ ಮೊದಲೇ ಆ ಗಾಳಿ ತಿರುಗೋಕೆ ಶುರುಮಾಡಿತ್ತು! ತಮಾಷೆ ನೋಡಿ: ಉಗಿದವರೂ ಉಬ್ಬಿದವರೂ ನಂಬಿದ್ದು ಒಂದೇ ಸುಳ್ಳನ್ನು.

ಆದರೂ ಬಿಡಲಿಲ್ಲ. 1962ರಿಂದ 1983ರವರೆಗೆ 'ಸ್ಟಾರ್ಮ್‌ಫ್ಯೂರಿ' ಅಂತ ಹೆಸರಿಟ್ಟು ದೊಡ್ಡ ಯೋಜನೆ ನಡೆಸಿದರು. ಚಂಡಮಾರುತದ ಕಣ್ಣಿನ ಸುತ್ತ ಇರುವ ಮೋಡಗಳಿಗೆ ಸಿಲ್ವರ್ ಅಯೊಡೈಡ್ ಬಿತ್ತುವುದು, ಗಾಳಿಯ ವೇಗ ತಗ್ಗಿಸುವುದು. 1969ರಲ್ಲಿ ಡೆಬ್ಬಿ ಅನ್ನೋ ಚಂಡಮಾರುತಕ್ಕೆ ಬಿತ್ತಿದ ದಿನ ವೇಗ ಶೇಕಡಾ 31ರಷ್ಟು ಇಳಿಯಿತು. ಗೆದ್ದೇ ಬಿಟ್ಟೆವು ಅಂದುಕೊಂಡರು. ಆದರೆ ಮುಂದೆ, ಏನೂ ಬಿತ್ತದ ಚಂಡಮಾರುತಗಳನ್ನೂ ಕೂತು ನೋಡಿದರು. ಅವೂ ಹಾಗೇ ಏರುತ್ತಿದ್ದವು, ಹಾಗೇ ಇಳಿಯುತ್ತಿದ್ದವು. ಹಳೇ ಕಣ್ಣಿನ ಹೊರಗೆ ಹೊಸ ಮೋಡದ ಬಳೆ ಕಟ್ಟಿಕೊಂಡಾಗ ವೇಗ ತಾನಾಗಿಯೇ ತಗ್ಗುತ್ತದೆ. ಬಿತ್ತಿದ ಪುಡಿಗೆ ಹೆಪ್ಪುಗಟ್ಟಬೇಕಾದ ನೀರು ಕೂಡ ಆ ಮೋಡಗಳಲ್ಲಿ ಸಾಕಷ್ಟು ಇರಲಿಲ್ಲ. ಯೋಜನೆ ಮುಚ್ಚಿದರು.

ಇಲ್ಲಿ ಒಂದು ಕ್ಷಣ ನಿಲ್ಲಿ. 'ನಾವು ಮಾಡಿದ್ದರಿಂದ ಆಗಲಿಲ್ಲ, ಅದು ತಾನಾಗೇ ಆಗುತ್ತಿತ್ತು' ಅಂತ ಕಂಡುಕೊಂಡವರು ಹೊರಗಿನವರಲ್ಲ, ಚಂಡಮಾರುತದ ಬೆನ್ನು ಹತ್ತಿದ ವಿಜ್ಞಾನಿಗಳೇ. ಬಿತ್ತದ ಮೋಡದ ಲೆಕ್ಕವನ್ನೂ ಇಟ್ಟದ್ದರಿಂದ ಅದು ಗೊತ್ತಾಯಿತು. ಹೋಮ ಮಾಡದ ಊರಲ್ಲೂ ಎಷ್ಟು ಮಳೆ ಬಿತ್ತು ಅಂತ ಲೆಕ್ಕ ಇಟ್ಟ ಪುರೋಹಿತನನ್ನು ಯಾರಾದರೂ ಕಂಡಿದ್ದೀರಾ?

ಇಷ್ಟು ಹೇಳಿದ್ದಕ್ಕೆ ಅಮೆರಿಕದವರು ಹಸುವಿನಂಥವರು ಅಂತ ಯಾರೂ ತಿಳಿಯಬೇಡಿ. 1967ರಿಂದ 1972ರವರೆಗೆ, ವಿಯೆಟ್ನಾಂ ಜನ ಯುದ್ಧ ಮಾಡುತ್ತಿದ್ದ ದಾರಿಗಳು ಕೆಸರಾಗಲಿ, ಲಾರಿಗಳು ಹೂತುಕೊಳ್ಳಲಿ ಅಂತ ಗುಟ್ಟಾಗಿ ಮೋಡ ಬಿತ್ತಿದವರು ಅವರೇ. ಅದು ಬಯಲಾಗಿ, ಹವಾಮಾನವನ್ನು ಯುದ್ಧದ ಆಯುಧ ಮಾಡಬಾರದು ಅಂತ 1977ರಲ್ಲಿ ಲೋಕದ ದೇಶಗಳು ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಅಂದರೆ ಮನಸ್ಸಿಲ್ಲ ಅಂತ ಅಲ್ಲ, ಕೈಲಾಗಲ್ಲ. ಬಲಿತ ಒಂದು ಚಂಡಮಾರುತ ಬಿಡುವ ಶಾಖ, ಲೋಕದ ವಿದ್ಯುತ್ ಸ್ಥಾವರಗಳೆಲ್ಲ ಸೇರಿ ಕೊಡುವ ಶಕ್ತಿಗಿಂತ ಹತ್ತಾರು ಪಟ್ಟು ದೊಡ್ಡದು. ಅದಕ್ಕೆ ಮೂಗುದಾರ ಹಾಕೋ ಹಗ್ಗ ಇನ್ನೂ ಯಾರೂ ಹೊಸೆದಿಲ್ಲ. ಶ್ರೀಮಂತ ದೇಶಗಳ ಹೊಗೆಯಿಂದ ಸಮುದ್ರ ಕಾದು ಗಾಳಿಗಳ ಸೊಕ್ಕು ಹೆಚ್ಚುತ್ತಿರುವುದು ನಿಜ. ಅದು ಬೇರೆ ಮಾತು. ಕೆಡಿಸೋದು ಬೇರೆ, ಆಳೋದು ಬೇರೆ. ಕಾಡಿಗೆ ಬೆಂಕಿ ಹಾಕಬಲ್ಲವನು ಆ ಬೆಂಕಿಗೆ ದಾರಿ ತೋರಿಸಬಲ್ಲನೇ?

ಅಮೆರಿಕದ್ದು ಅಲ್ಲಿಗಿರಲಿ. ಮಳೆ ನಮ್ಮ ಕೈಯಲ್ಲಿದೆ ಅನ್ನೋರು ನಮ್ಮ ಕರ್ನಾಟಕದಲ್ಲೇ ಎರಡು ಗುಂಪು ಇದ್ದಾರೆ. ಒಬ್ಬರು ವಿಮಾನ ಹತ್ತುತ್ತಾರೆ, ಇನ್ನೊಬ್ಬರು ಹೋಮಕುಂಡದ ಮುಂದೆ ಕೂರುತ್ತಾರೆ. ಇಬ್ಬರಿಗೂ ಬಟವಾಡೆ ಒಂದೇ ಖಜಾನೆಯಿಂದ. 2003ರಲ್ಲಿ 'ವರುಣ' ಅಂತ ಮೋಡ ಬಿತ್ತಿದರು, 2017ರಲ್ಲಿ 'ವರ್ಷಧಾರಿ' ಅಂತ ಬಿತ್ತಿದರು. ಹೆಸರು ನೋಡಿ, ವಿಜ್ಞಾನಕ್ಕೂ ಜನಿವಾರ ಹಾಕದೆ ಇವರಿಗೆ ಸಮಾಧಾನ ಇಲ್ಲ. ಅದೇ 2017ರ ಜೂನ್‌ನಲ್ಲಿ ಭಾಗಮಂಡಲದಲ್ಲಿ ಪರ್ಜನ್ಯ ಹೋಮವೂ ಆಯಿತು. ಅದಕ್ಕೂ ಮೊದಲು 2012ರಲ್ಲಿ, ಮುಜರಾಯಿಗೆ ಸೇರಿದ ಸುಮಾರು 34 ಸಾವಿರ ದೇವಸ್ಥಾನಗಳಲ್ಲಿ ತಲಾ 5 ಸಾವಿರ ರೂಪಾಯಿ ಖರ್ಚಿನಲ್ಲಿ ಮಳೆಗಾಗಿ ಪೂಜೆ ಮಾಡಿಸಲು ಸರ್ಕಾರ ಹೊರಟಿತು. ಗುಣಿಸಿ ನೋಡಿ, 17 ಕೋಟಿ. ಪಕ್ಷ ಬದಲಾಗುತ್ತದೆ, ಹೋಮದ ಹೊಗೆ ಬದಲಾಗಲ್ಲ.

ಮೋಡ ಬಿತ್ತೋದೆಲ್ಲ ಶುದ್ಧ ಮೋಸ ಅಂತ ನಾನು ಹೇಳಲ್ಲ. ನಮ್ಮ ಗಡಿಯಾಚೆ ಸೋಲಾಪುರದಲ್ಲಿ ಪುಣೆಯ ಹವಾಮಾನ ವಿಜ್ಞಾನಿಗಳು ಕೆಲವು ವರ್ಷ ಪ್ರಯೋಗ ಮಾಡಿ, ತಕ್ಕ ಮೋಡ ಸಿಕ್ಕರೆ ಮಳೆ ಶೇಕಡಾ 18ರಷ್ಟು ಹೆಚ್ಚಬಹುದು ಅಂತ ಲೆಕ್ಕ ಕೊಟ್ಟಿದ್ದಾರೆ. ತಕ್ಕ ಮೋಡ ಸಿಕ್ಕರೆ! ಬರದಲ್ಲಿ ಇಲ್ಲದ್ದೇ ಅದು. ತುಂಬಿದ ಕೆಚ್ಚಲಿನಿಂದ ಇನ್ನೊಂದು ಸೇರು ಕರೆಯಬಹುದು, ಗೊಡ್ಡೆಮ್ಮೆಯಿಂದ ಕರೆಯೋದು ಹೇಗೆ?

ಈಗ 2019ನ್ನು ನೆನಪಿಸಿಕೊಳ್ಳಿ. ಜೂನ್ 6ರಂದು ದೇವಸ್ಥಾನಗಳಲ್ಲಿ ಪರ್ಜನ್ಯ ಜಪ ಮಾಡಿ ಅಂತ ಸರ್ಕಾರದ ಹುಕುಂ ಹೊರಟಿತು. ಮಂತ್ರಿಗಳು ಶೃಂಗೇರಿ ಪಕ್ಕದ ಕಿಗ್ಗಕ್ಕೆ ಹೋಗಿ ಋಷ್ಯಶೃಂಗನ ಮುಂದೆ ಕೂತರು. (ಪುರಾಣದಲ್ಲಿ ಆ ಋಷಿಯನ್ನು ಅಂಗರಾಜ್ಯಕ್ಕೆ ಕರೆತಂದು ಮಳೆ ಬರಿಸಿದವರು ರಾಜ ಕಳಿಸಿದ ವೇಶ್ಯೆಯರು. ಪೂಜೆ ಮಾತ್ರ ಋಷಿಗೆ.) ಎರಡು ತಿಂಗಳು ಕಳೆದು ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ, ಕೊಡಗಿನ ಮೇಲೆ ಎಂಥ ಮಳೆ ಬಿತ್ತು! 80ಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಮನೆ ಬಿಟ್ಟರು. ಜಪದಿಂದ ಮಳೆ ಬಂದದ್ದಾದರೆ ಈ ಹೆಣಗಳೂ ಜಪದ ಲೆಕ್ಕಕ್ಕೇ ಸೇರಬೇಕಲ್ಲ? ಒಬ್ಬ ಪುರೋಹಿತನ ಮೇಲಾದರೂ ಎಫ್‌ಐಆರ್ ಆಯಿತೇ? ಮಳೆ ಬಂದರೆ ಮಂತ್ರದ ಮಹಿಮೆ, ಬಾರದಿದ್ದರೆ ಜನರ ಪಾಪ, ಹೆಚ್ಚಾದರೆ ಪ್ರಕೃತಿ ವಿಕೋಪ.

ಮಳೆ ತರಿಸುವವರು ಇದ್ದಾರೆ ಅಂತ ನಂಬಿದ ಊರು, ಮಳೆ ತಡೆಯುವವರೂ ಇದ್ದಾರೆ ಅಂತ ನಂಬೇ ನಂಬುತ್ತದೆ. ನನ್ನ ಹೆದರಿಕೆ ಇರೋದು ಇಲ್ಲಿ. ನಮ್ಮ ಬಯಲುಸೀಮೆಯಲ್ಲಿ ಬರ ಬಿದ್ದರೆ ಒಂದು ಮಾತು ಏಳುತ್ತದೆ: ತೊನ್ನು ಹತ್ತಿದವರ ಹೆಣ ಹೂತವ್ರೆ, ಅದಕ್ಕೇ ಮಳೆ ನಿಂತದೆ, ಅಗೆದು ತೆಗೆದು ಸುಡಬೇಕು. ನಮ್ಮಜ್ಜಿ ಅಂಥದ್ದನ್ನು ಕಣ್ಣಾರೆ ಕಂಡಿದ್ದಳು. ಸತ್ತವಳು ಕೂಲಿ ಹೆಂಗಸು. ಊರಿಂದ ಅಪ್ಪಣೆ ಬಂತು, ಅಗೆಯೋಕೆ ಗುದ್ದಲಿ ಹಿಡಿದು ಹೋದವರು ನಮ್ಮ ಕೇರಿಯ ಗಂಡಸರೇ. ಸತ್ತವಳ ಮಗಳು ಗುಂಡಿ ಪಕ್ಕದಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಳಂತೆ. ಹದಿನೈದು ದಿನ ಬಿಟ್ಟು ಮಳೆ ಬಂತು. ಬರೋ ಕಾಲಕ್ಕೆ ಬಂತು, ಪಕ್ಕದೂರಿಗೂ ಬಂತು. ಪಕ್ಕದೂರಲ್ಲಿ ಯಾರನ್ನೂ ಅಗೆದಿರಲಿಲ್ಲ. ಆದರೆ ಊರೋರು ಈಗಲೂ ಹೇಳೋದು, 'ಸುಟ್ಟ ಮೇಲೇ ಬಂದದ್ದು' ಅಂತಲೇ. ಆ ಮಗಳಿಗೆ ಯಾರು ಏನು ಹೇಳಿದರೋ ಅಜ್ಜಿ ಹೇಳಲಿಲ್ಲ.

ಅದಕ್ಕೇ ಆ ಹುಡುಗನಿಗೆ ಹೇಳೋದು: ತಮ್ಮಾ, ಗಾಳಿಯನ್ನು ಕಳಿಸಿದವರು ಯಾರು ಅಂತ ಹುಡುಕುತ್ತಾ ಕೂತರೆ, ಗಾಳಿ ಬಂದಾಗ ನಮ್ಮನ್ನು ತಗ್ಗಿನಲ್ಲಿ ಇಟ್ಟವರು ಯಾರು ಅನ್ನೋ ಪ್ರಶ್ನೆ ತಪ್ಪಿಸಿಕೊಂಡು ಹೋಗುತ್ತದೆ. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಗೆ ಸಮುದ್ರ ನುಗ್ಗಿ ಕನಿಷ್ಠ 10 ಸಾವಿರ ಜನ ಸತ್ತರು. 1999ರ ಅಕ್ಟೋಬರ್‌ನಲ್ಲಿ ಒರಿಸ್ಸಾದಲ್ಲಿ ಹೆಚ್ಚುಕಡಿಮೆ ಅಷ್ಟೇ ಜನ. 2019ರ ಮೇನಲ್ಲಿ ಅದೇ ಕರಾವಳಿಗೆ ಫೋನಿ ಬಡಿದಾಗ ಸತ್ತವರು ನೂರಕ್ಕೂ ಕಡಿಮೆ. ಗಾಳಿಯನ್ನು ಯಾರೂ ತಿರುಗಿಸಿರಲಿಲ್ಲ. ಮುಂಚೆ ತಿಳಿಸಿ, ಸುಮಾರು 12 ಲಕ್ಷ ಜನರನ್ನು ಗಟ್ಟಿ ಕಟ್ಟಡಗಳಿಗೆ ಸಾಗಿಸಿದ್ದರು. ಮನುಷ್ಯನ ಕೈಲಾಗುವುದು ಇದು.

ಆದರೆ ಆ ಗಟ್ಟಿ ಕಟ್ಟಡದ ಬಾಗಿಲು ಯಾರಿಗೆ ತೆರೆಯುತ್ತದೆ? 2004ರ ಸುನಾಮಿ ಆದಾಗ ನಾಗಪಟ್ಟಣದ ಕಡೆ ಪರಿಹಾರ ಶಿಬಿರಗಳಿಂದ ದಲಿತರನ್ನು ಹೊರಗಿಟ್ಟರು, ಕುಡಿಯೋ ನೀರಿನ ತೊಟ್ಟಿ ಮುಟ್ಟಲು ಬಿಡಲಿಲ್ಲ. ಸಮುದ್ರ ಎಲ್ಲರನ್ನೂ ಒಂದೇ ಸಮನೆ ಬಡಿದು ಹೋಗಿತ್ತು. ಅದು ಹಿಂದೆ ಸರಿದ ಮೇಲೆ ನೀರಿಗೆ ಮತ್ತೆ ಜಾತಿ ಬಂತು. 1927ರಲ್ಲಿ ಮಹಾಡದ ಕೆರೆಗೆ ಬಾಬಾಸಾಹೇಬರು ನಡೆದು ಹೋಗಿದ್ದು ಮಳೆ ತರಿಸಲಿಕ್ಕಲ್ಲ, ಬಂದ ಮಳೆಯಲ್ಲಿ ನಮ್ಮ ಬೊಗಸೆಯಷ್ಟನ್ನು ಕೇಳಲಿಕ್ಕೆ.

ಓದುಗರಲ್ಲಿ ಒಂದು ಕೆಲಸ ಕೇಳುತ್ತೇನೆ. ನಿಮ್ಮೂರಲ್ಲಿ ಕೆರೆ ಕೋಡಿ ಬಿದ್ದರೆ ಮೊದಲು ನೀರು ನುಗ್ಗೋದು ಯಾವ ಬೀದಿಗೆ, ಆಗ ಹೋಗಿ ಮಲಗೋಕೆ ತೆರೆಯುವ ಕಟ್ಟಡ ಯಾವುದು, ಅದರ ಬೀಗದ ಕೈ ಯಾರ ಮನೆಯಲ್ಲಿದೆ, ಹೋದ ಸಲ ನೆರೆ ಬಂದಾಗ ಕೇರಿಯವರು ಎಲ್ಲಿ ಮಲಗಿದ್ದರು, ಇಷ್ಟನ್ನು ಕೇಳಿ ಬರೆದುಕೊಂಡು ಮುಂದಿನ ಸಭೆಗೆ ತನ್ನಿ. ಬರೆಯೋಕೆ ಬಾರದವರು ಬಾಯಲ್ಲಿ ಹೇಳಿ, ನಾವು ಬರೆದುಕೊಳ್ಳುತ್ತೇವೆ. ಬಂದದ್ದನ್ನೆಲ್ಲ ಊರಿನ ಹೆಸರು ಹಾಕಿ ಇದೇ ಪುಟದಲ್ಲಿ ಅಚ್ಚು ಮಾಡುತ್ತೇವೆ, ಒಂದು ಪ್ರತಿ ತಾಲ್ಲೂಕು ಕಚೇರಿಗೂ ಹೋಗುತ್ತದೆ.