ಸಮವಸ್ತ್ರ ಕೊಟ್ಟವರು ಪೌರತ್ವವನ್ನೂ ಕೊಡಲಿ

ಅಮೆರಿಕದಲ್ಲಿ ನೆಲೆಸಿ ಅಲ್ಲಿ ಮತದ ಹಕ್ಕು ಪಡೆದಿರುವ ಕನ್ನಡ ಬಂಧುಗಳೇ,

ಭಗತ್ ಸಿಂಗ್ ಥಿಂಡ್ ಅವರ ಹೆಸರು ಕೇಳಿದ್ದೀರಾ? (ಇವರು ನಮ್ಮ ಹುತಾತ್ಮ ಭಗತ್ ಸಿಂಗ್ ಅಲ್ಲ.) ಪಂಜಾಬಿನಿಂದ ಹೋದ ಈ ಸಿಖ್ ಯುವಕ 1918ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿನಲ್ಲಿ, ಅಮೆರಿಕದ ಸೈನ್ಯ ಸೇರಿದರು. ಅದೇ ಡಿಸೆಂಬರಿನಲ್ಲಿ ಪೌರತ್ವವೂ ಸಿಕ್ಕಿತು. ನಾಲ್ಕೇ ದಿನಗಳಲ್ಲಿ ಅದನ್ನು ಕಿತ್ತುಕೊಂಡರು. ಕಾರಣ, ಅವರು ಬಿಳಿಯರಲ್ಲ! 1920ರಲ್ಲಿ ಆರೆಗಾನ್‌ನ ನ್ಯಾಯಾಲಯ ಮತ್ತೆ ಕೊಟ್ಟಿತು. 1923ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪಿತ್ತಿತು. ಆ ತೀರ್ಪಿನಿಂದ, ಆಗಲೇ ಪೌರರಾಗಿದ್ದ ಹಲವು ಭಾರತೀಯರೂ ಹಕ್ಕು ಕಳೆದುಕೊಂಡರು. ಮಾಜಿ ಯೋಧರಿಗೆಂದೇ 1935ರಲ್ಲಿ ಹೊಸ ಕಾಯ್ದೆ ಬಂದ ಮೇಲೆ, 1936ರಲ್ಲಿ, ಥಿಂಡ್ ಕೊನೆಗೂ ಅಮೆರಿಕದ ಪ್ರಜೆಯಾದರು.

ಪೌರತ್ವಕ್ಕೆ ಮೈಬಣ್ಣ ನೋಡುವ ಕಾಯ್ದೆ ಈಗಿಲ್ಲ. 2001ರ ಸೆಪ್ಟೆಂಬರ್ 11ರಿಂದೀಚೆಗೆ ಸೈನ್ಯದಲ್ಲಿ ಗೌರವದಿಂದ ದುಡಿದವರು ಬೇಗನೆ ಅರ್ಜಿ ಹಾಕಬಹುದೆಂದು 2002ರಲ್ಲಿ ಅಧ್ಯಕ್ಷ ಬುಷ್ ಆದೇಶಿಸಿದರು. ಶುಲ್ಕವೂ ಇಲ್ಲ. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಆದರೆ ಸೇವೆಯನ್ನು ದೃಢೀಕರಿಸಿ ಸಹಿ ಹಾಕಬೇಕಾದದ್ದು ರಕ್ಷಣಾ ಇಲಾಖೆ. 2017ರಲ್ಲಿ ಆ ಇಲಾಖೆ, ತಿಂಗಳುಗಟ್ಟಲೆ ಸೇವೆ ಮುಗಿಸದೆ ಸಹಿ ಇಲ್ಲ ಎಂದಿತು. ಆ ಷರತ್ತನ್ನು ತೆಗೆಸಲು 2020ರವರೆಗೆ ಸೈನಿಕರು ನ್ಯಾಯಾಲಯಕ್ಕೆ ಅಲೆಯಬೇಕಾಯಿತು.

ಗ್ವಾಟೆಮಾಲಾದಲ್ಲಿ ಹುಟ್ಟಿ ಅಮೆರಿಕದ ಯೋಧನಾದ ಹೊಸೆ ಗುಟಿಯೆರೆಸ್ 2003ರ ಮಾರ್ಚ್ 21ರಂದು ಇರಾಕಿನಲ್ಲಿ ಮಡಿದಾಗ ಅಮೆರಿಕದ ಪ್ರಜೆಯಾಗಿರಲಿಲ್ಲ. ಪೌರತ್ವ ಬಂದದ್ದು ಸತ್ತ ಮೇಲೆ.

ಬದುಕಿ ಬಂದವರ ಪಾಡು ಇನ್ನೊಂದು ಬಗೆ. ಸೈನ್ಯಕ್ಕೆ ಸೇರುವಾಗ ಮಾಡಿದ ಪ್ರಮಾಣದಿಂದಲೇ ತಾವು ಪ್ರಜೆಗಳಾದೆವೆಂದು ನಂಬಿ ಅರ್ಜಿಯನ್ನೇ ಹಾಕದವರಿದ್ದಾರೆ. ಯುದ್ಧದ ಗಾಯ ಮನಸ್ಸಿನಲ್ಲೂ ಉಳಿಯುತ್ತದೆ. ಕುಡಿತ, ಮಾದಕ ವಸ್ತು, ಹೊಡೆದಾಟ, ಜೈಲು. 1996ರ ವಲಸೆ ಕಾಯ್ದೆ ಅಂಥವರನ್ನು ಶಿಕ್ಷೆ ಮುಗಿದ ಮೇಲೂ ಗಡೀಪಾರು ಮಾಡಿಸುತ್ತದೆ. ತಪ್ಪು ಮಾಡಿದವರ ಮೇಲೆ ಕರುಣೆ ಏಕೆ ಎನ್ನುವಿರಾ? ಕರುಣೆ ಕೇಳುತ್ತಿಲ್ಲ. ಅದೇ ತುಕಡಿಯಲ್ಲಿದ್ದ, ಅದೇ ತಪ್ಪು ಮಾಡಿದ, ಅಮೆರಿಕದಲ್ಲೇ ಹುಟ್ಟಿದ ಸೈನಿಕ ಶಿಕ್ಷೆ ಮುಗಿಸಿ ಮನೆಗೆ ಹೋಗುತ್ತಾನೆ. ಇವನು ಮಾತ್ರ ಹೆಂಡತಿ ಮಕ್ಕಳನ್ನು ಬಿಟ್ಟು ಮೆಕ್ಸಿಕೋದ ಟಿಹುವಾನಾದಲ್ಲಿ ಬಾಡಿಗೆ ಕೋಣೆ ಹುಡುಕಬೇಕು. ಗೌರವದಿಂದ ನಿವೃತ್ತನಾಗಿದ್ದರೆ ಅವನ ಶವಕ್ಕೆ ಅಮೆರಿಕದ ರಾಷ್ಟ್ರೀಯ ಸ್ಮಶಾನದಲ್ಲಿ ಜಾಗವಿದೆ. ಜೀವಕ್ಕಿಲ್ಲ. ಇದಕ್ಕಿಂತ ನಾಚಿಕೆಗೇಡಿನ ಲೆಕ್ಕ ನನಗೆ ಗೊತ್ತಿಲ್ಲ.

ಭದ್ರತೆಯ ಮಾತೂ ಬರುತ್ತದೆ. ಪೂರ್ವಾಪರ ತನಿಖೆ ಬೇಕಾದರೆ ಕೈಗೆ ಬಂದೂಕು ಕೊಡುವ ಮೊದಲೇ ಮಾಡಲಿ.

ತರಬೇತಿ ಮುಗಿದ ದಿನವೇ, ಒಪ್ಪುವ ಪ್ರತಿ ಸೈನಿಕನಿಗೂ ಪೌರತ್ವದ ಪ್ರಮಾಣ ಬೋಧಿಸಬೇಕು. ಅರ್ಜಿ ತುಂಬಿಸುವ ಹೊಣೆ ಸೈನ್ಯದ್ದಾಗಲಿ. ಗೌರವದಿಂದ ಸೇವೆ ಮುಗಿಸಿದವರ ಗಡೀಪಾರು ನಿಲ್ಲಲಿ.

ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಸಾಲಿನಲ್ಲಿ ನಿಂತ ನಿಮಗೆ ಕಾಯುವುದೆಂದರೆ ಏನೆಂದು ಹೇಳಬೇಕಿಲ್ಲ. ನಿಮ್ಮ ಕ್ಷೇತ್ರದ ಪ್ರತಿನಿಧಿಗೂ ಇಬ್ಬರು ಸೆನೆಟರುಗಳಿಗೂ ಪತ್ರ ಬರೆಯಿರಿ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ರಾಜಕಾರಣಿಗಳು ಬಂದರೆ ಶಾಲು ಹೊದಿಸಿ, ಹಾರ ಹಾಕಿ. ಮೈಕು ಅವರ ಕೈಗೆ ಕೊಡುವ ಮುನ್ನ, ಈ ಬೇಡಿಕೆಗಳನ್ನು ಬೆಂಬಲಿಸುವಿರಾ ಎಂದು ಕೇಳಿ.